ಬಿಡದ ಹೊಲಿಗೆ

ದರ್ಜಿ 'ನಾಳೆ ಕೊಡ್ತೀನಿ' ಎಂದರೆ ಅದನ್ನು ನಂಬಿ ಯಾರೂ ಮದುವೆಗೆ ಹೊರಡಬಾರದು. ಈ ದರ್ಜಿಯೂ ಅದಕ್ಕೆ ಹೊರತಾಗಿರಲಿಲ್ಲ. ಗುಂಡಿ ಹಚ್ಚುವುದೊಂದೇ ಬಾಕಿ ಎನ್ನುತ್ತಿದ್ದ, ಬಟ್ಟೆಗೆ ಇನ್ನೂ ಕತ್ತರಿ ಮುಟ್ಟಿಸಿರುತ್ತಿರಲಿಲ್ಲ. ಹೊಟ್ಟೆ ಬಂದವರಿಗೆ 'ಇಳಿದು ಹೋಗಿದೀರಲ್ಲ' ಎನ್ನುತ್ತಾ ಟೇಪನ್ನು ಎರಡು ಬೆರಳು ಸಡಿಲ ಹಿಡಿಯುತ್ತಿದ್ದ. ಯಾರಿಗೂ ಕೆಡುಕಾಗದ ಸುಳ್ಳುಗಳು. ಪಕ್ಕದಲ್ಲಿ ಕಾಜಾ ಹಾಕುತ್ತಾ ಕೂರುತ್ತಿದ್ದ ಅವನ ಹೆಂಡತಿ ಇದನ್ನೆಲ್ಲ ಕೇಳಿ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಐದು ವರ್ಷ ಹೀಗೆ ನಕ್ಕವಳಿಗೆ, ಅವನು ಒಂದು ನಿಜ ಹೇಳಿದಾಗ ನಂಬಲಾಗಲಿಲ್ಲ.

ಆದದ್ದು ಇಷ್ಟು. ಒಂದು ಮಧ್ಯಾಹ್ನ ಅವಳು ಒಂಬತ್ತು ತಿಂಗಳ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಂಗಡಿಯಿಂದ ಮನೆಗೆ ಹೊರಟಳು. ಗಾಡಿ ಹೊಸದು, ಕೊಂಡು ಎರಡು ತಿಂಗಳಾಗಿರಲಿಲ್ಲ. ಔಷಧಿ ಅಂಗಡಿಯ ಮುಂದೆ ಫುಟ್‌ಪಾತ್ ಮುಗಿದು ರಸ್ತೆಗೆ ಇಳಿಯುವಲ್ಲಿ ಮುಂದಿನ ಚಕ್ರ ಗೇಣುದ್ದ ಕೆಳಗೆ ಧುಮುಕಿತು. ಮಗು ಮುಂದಕ್ಕೆ ಹಾರಿ ಕಲ್ಲಿನ ಮೇಲೆ ಬಿತ್ತು. ಬಲಗೈ ಮೊಣಕೈಯಲ್ಲಿ ಮುರಿಯಿತು. ಅವಳು ಗಾಡಿಯನ್ನು ಅಲ್ಲೇ ಬಿಟ್ಟು, ಮಗುವನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದಳು.

ಸಂಜೆ ಗಾಡಿ ತರಲು ಹೋದವನು ದರ್ಜಿ. ಅದನ್ನು ಕಣ್ಣಿಟ್ಟು ನೋಡಿದವನೂ ಅವನೊಬ್ಬನೇ. ಸೊಂಟದ ಪಟ್ಟಿಯ ಬಕ್ಕಲ್ ಹಾಕಿದ್ದು ಹಾಕಿದಂತೆಯೇ ಇತ್ತು. ಆದರೆ ಪಟ್ಟಿಯ ಬಲತುದಿ ಸೀಟಿಗೆ ಸೇರುವ ಕಡೆ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಇಂಚಿಗೆ ನಾಲ್ಕೇ ಹೊಲಿಗೆ, ಅದೂ ಉಗುರಿನಲ್ಲಿ ಎಳೆದರೆ ತುಂಡಾಗುವ ನೂಲು. ಅವನ ಕೈಕೆಳಗೆ ಯಾರಾದರೂ ಶಾಲೆಯ ಚೀಲಕ್ಕೆ ಇಂಥ ಹೊಲಿಗೆ ಹಾಕಿದ್ದರೆ ಮಾರನೆಯ ದಿನ ಕೆಲಸಕ್ಕೆ ಬರಬೇಡ ಎನ್ನುತ್ತಿದ್ದ.

ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು. ಒಳಗೆ ಒಬ್ಬರನ್ನೇ ಬಿಡುತ್ತಿದ್ದರು, ಹೆಂಡತಿ ಕೂತಿದ್ದಳು. ಅವನಿಗೆ ಮಾಡಲು ಏನೂ ಇರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದು ಸುಮ್ಮನೆ ಕೂತ. ಮೂಲೆಯಲ್ಲಿ ಗಾಡಿ, ಅದರಿಂದ ಇಳಿಬಿದ್ದ ಪಟ್ಟಿ. ಬಿಟ್ಟ ಹೊಲಿಗೆ ಎದುರಿಗಿದ್ದರೆ ದರ್ಜಿಯಾದವನು ಎಷ್ಟು ಹೊತ್ತು ಕೈಕಟ್ಟಿ ಕೂತಾನು? ಉಳಿದ ಚೂರುಪಾರು ನೂಲನ್ನು ಕಿತ್ತೆಸೆದ. ಚೀಲ ಹೊಲಿಯುವ ದಪ್ಪ ದಾರ ಪೋಣಿಸಿ, ಚೌಕಾಕಾರವಾಗಿ ಮೂರು ಸುತ್ತು, ಅದರೊಳಗೆ ಅಡ್ಡಡ್ಡ ಎರಡು ಗೆರೆ ಹೊಡೆದ. ಬಲಗಡೆ ಒಂದು ಥರ, ಎಡಗಡೆ ಇನ್ನೊಂದು ಥರ ಕಾಣಬಾರದೆಂದು ಎಡತುದಿಯನ್ನೂ ಬಿಚ್ಚಿ ಹಾಗೇ ಹೊಲಿದ. ಆಮೇಲೆ ಅಂಗಡಿ ಗುಡಿಸಿದ. ಹೊಲಿಯುವಾಗ ಉದ್ದಕ್ಕೂ ಅಳುತ್ತಿದ್ದ, ಆದರೂ ಒಂದು ಹೊಲಿಗೆಯೂ ಗೆರೆ ತಪ್ಪಿರಲಿಲ್ಲ.

ಅವನ ಅಮ್ಮ ಸೊಸೆಗೆ ಕೆಟ್ಟವಳಲ್ಲ, ಬಾಯಿಗೆ ಬೀಗ ಇರಲಿಲ್ಲ ಅಷ್ಟೆ. "ಮೂರು ಮಕ್ಳನ್ನ ಸಾಕಿದೀನಿ, ಒಂದನ್ನೂ ಬೀಳಿಸಿಲ್ಲ" ಎಂದಳು. ದರ್ಜಿಯ ಹಣೆಯ ಮೇಲಿದ್ದ ಹಳೆಯ ಕಲೆ ಬೇರೆ ಕಥೆ ಹೇಳುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ಹೆಂಡತಿ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಬಕ್ಕಲ್ ಹಾಕಿದ್ದೆ ಅನ್ಸುತ್ತೆ," ಎಂದಳು. "ಹಾಕಿದ್ನಾ? ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ."

"ಹಾಕಿದ್ದೆ ಕಣೆ. ಹೊಲಿಗೆ ಬಿಟ್ಟಿತ್ತು, ನಾನೇ ನೋಡ್ದೆ."

ಅವನು ಅಂಗಡಿಯಿಂದ ಮನೆಗೆ ತಂದಿಟ್ಟಿದ್ದ ಗಾಡಿಯ ಹತ್ತಿರ ಅವಳು ಹೋಗಿ ಪಟ್ಟಿಯನ್ನು ಜಗ್ಗಿ ನೋಡಿದಳು.

"ಎಲ್ಲಿ ಬಿಟ್ಟಿದೆ?"

"ಸರಿ ಮಾಡಿದೀನಿ."

ಅವಳು ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಪಾಪ ಎನ್ನುವಂಥ ನೋಟ. "ಎರಡೂ ಕಡೆ ನೀವೇ ಹೊಲಿದು, ಗಿರಾಕಿಗಳಿಗೆ ಹೇಳೋ ಹಾಗೆ ನಂಗೂ ಹೇಳ್ತಿದೀರ."

ಆರು ವಾರಕ್ಕೆ ಕೈಯ ಕಟ್ಟು ಬಿಚ್ಚಿದರು. ಕೈ ಪೂರ್ತಿ ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು. ಅಂದಿನಿಂದ ಅವಳು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ನೆಲದ ಮೇಲೆ ಕೂತು ಹಾಲು ಕೊಡುವಳು, ಮುಗಿದೊಡನೆ ಅತ್ತೆಯ ಮಡಿಲಿಗೆ ಜಾರಿಸುವಳು. ಮಗು ತೋಳು ಚಾಚಿದರೆ, ಒಂದು ನೆಟ್ಟಗೆ ಒಂದು ಸೊಟ್ಟಗೆ, ಎದ್ದು ಆಚೆ ಹೋಗುವಳು. ಮಗುವಿನ ಕೈಗಿಂತ ಇದು ದರ್ಜಿಯನ್ನು ಹೆಚ್ಚು ತಿನ್ನತೊಡಗಿತು.

ಕೋಟಿಗೆ ಅಳತೆ ಕೊಡಲು ಬಂದ ಮೇಷ್ಟ್ರೊಬ್ಬರು, ಗ್ರಾಹಕರ ದೂರು ಕಚೇರಿ ಅಂತ ಒಂದಿದೆ, ಅಲ್ಲಿಗೆ ಹೋಗಿ ಎಂದರು. ದರ್ಜಿಗೆ ಹೋದ ಜೀವ ಬಂದಂತಾಯಿತು. ಅವನಿಗೆ ಪರಿಹಾರ ಬೇಡ, ಹೊಸ ಗಾಡಿಯೂ ಬೇಡ. ಠಸ್ಸೆ ಹೊಡೆದ ಒಂದು ಕಾಗದ ಸಾಕು: ತಪ್ಪು ಹೊಲಿಗೆಯದು, ತಾಯಿಯದಲ್ಲ ಅಂತ. "ನನ್ನ ಮಾತು ಬೇಡ ಬಿಡು," ಎಂದು ಹೆಂಡತಿಗೆ ಹೇಳಿದ. "ಅವರ ಕಾಗದ ಬರ್ಲಿ. ಅದನ್ನಾದ್ರೂ ನಂಬ್ತೀಯಲ್ಲ?" ಅವಳು ಹೂಂ ಎಂದಳು.

ಕಚೇರಿಯಲ್ಲಿ ಕನ್ನಡಕದ ಗುಮಾಸ್ತೆ ಒಬ್ಬಳು ಸಮಾಧಾನದಿಂದ ಎಲ್ಲ ಕೇಳಿದಳು. ರಸೀದಿ? ಇತ್ತು. ಗ್ಯಾರಂಟಿ ಕಾರ್ಡು? ಇತ್ತು. ಆಸ್ಪತ್ರೆಯ ಚೀಟಿಗಳು? ದಿನಾಂಕದ ಪ್ರಕಾರ ಜೋಡಿಸಿ ಗುಂಡುಪಿನ್ನು ಚುಚ್ಚಿ ತಂದಿದ್ದ.

"ಭೇಷ್," ಎಂದಳು ಗುಮಾಸ್ತೆ. "ಹೀಗೆ ಎಲ್ಲರೂ ತಂದ್ರೆ ನಮ್ಮ ಅರ್ಧ ಕೆಲ್ಸ ಮುಗೀತಿತ್ತು. ಪಟ್ಟಿ ಕಿತ್ತುಹೋಗಿದ್ದು ಹಾಗೇ ಇದೆ ತಾನೆ?"

"ಛೆ, ಇಲ್ಲ ಮೇಡಂ. ಮಾರನೇ ದಿನಾನೇ ಗಟ್ಟಿ ಮಾಡ್ದೆ. ಎರಡೂ ಕಡೆ."

ಅವಳು ಪೆನ್ನು ಕೆಳಗಿಟ್ಟಳು.

"ಫೋಟೋ?"

"ಇಲ್ಲ."

"ಹಳೇ ದಾರ?"

"ಗುಡಿಸಿಬಿಟ್ಟೆ."

ಅವಳು ಕನ್ನಡಕ ತೆಗೆದು ಒರೆಸಿದಳು. "ಅಣ್ಣಾ, ಹಾಳಾದ ಸಾಮಾನನ್ನ ಹಾಳಾದ ಹಾಗೇ ಇಡ್ಬೇಕಿತ್ತು. ನಿಮ್ಮ ಸಾಕ್ಷಿ ಅಂದ್ರೆ ಅದೇ."

ಯಾರಾದರೂ ಹಾಗೆ ಇಡುತ್ತಾರೆಯೇ? ಇಡಬೇಕಂತೆ. ಕೆಟ್ಟದ್ದನ್ನು ಸರಿಮಾಡುವುದೇ ಬದುಕಾಗಿದ್ದವನಿಗೆ ಈ ಬುದ್ಧಿ ಯಾರು ಹೇಳಿಕೊಟ್ಟಿದ್ದರು? ಆದರೂ ಅವಳು ದೂರು ಬರೆದುಕೊಂಡಳು, ಗಾಡಿಯನ್ನು ಪರೀಕ್ಷೆಗೆ ಕಳಿಸುವುದಾಗಿ ಹೇಳಿದಳು. ಅಲ್ಲಿರುವವರು ಕಲಿತವರು, ಸೀಟಿನ ಬಟ್ಟೆಯಲ್ಲಿ ಹಳೆಯ ಸೂಜಿಯ ತೂತುಗಳನ್ನಾದರೂ ಕಂಡುಹಿಡಿದಾರು ಎಂದು ದರ್ಜಿ ಮನಸ್ಸಿಗೆ ಹೇಳಿಕೊಂಡ. ತೂತುಗಳ ಮೇಲೇ ತಾನು ಮೂರು ಸುತ್ತು ಹೊಡೆದಿದ್ದೇನೆಂದು ಅವನಿಗೆ ಗೊತ್ತಿತ್ತು. ತನಗೂ ಒಂದು 'ನಾಳೆ' ಹೇಳಿಕೊಂಡ, ಅಷ್ಟೆ.

ಎರಡು ತಿಂಗಳ ಮೇಲೆ ಗಾಡಿ ಮನೆಗೆ ವಾಪಸು ಬಂತು, ಅದರ ಜೊತೆಗೇ ಕಾಗದ. ಅವನು ಅಂಗಡಿಯಿಂದ ಬರುವಷ್ಟರಲ್ಲಿ ಹೆಂಡತಿ ಓದಿ ಮಡಿಸಿ ಮೇಜಿನ ಮೇಲಿಟ್ಟಿದ್ದಳು. ಅವನು ನಿಂತೇ ಓದಿದ.

'ಸೊಂಟದ ಪಟ್ಟಿಯನ್ನು ನಿಗದಿತ ಭಾರದ ಮೂರರಷ್ಟು ಭಾರದಿಂದ ಎಳೆದು ಪರೀಕ್ಷಿಸಲಾಗಿದೆ. ಹೊಲಿಗೆಯು ಎಲ್ಲಿಯೂ ಬಿಟ್ಟಿರುವುದಿಲ್ಲ. ಮೂಲ ಹೊಲಿಗೆಯು ಲಭ್ಯವಿಲ್ಲದ ಕಾರಣ ಅದರ ದೋಷ ಸಾಬೀತಾಗಿಲ್ಲ. ಬಕ್ಕಲ್ ಹಾಕದೆ ಮಗುವನ್ನು ಕೂರಿಸಿದ್ದ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಕೆಳಗೆ ಅವನು ಬಯಸಿದ್ದ ಠಸ್ಸೆ, ದುಂಡಗೆ, ಸ್ಪಷ್ಟವಾಗಿ ಬಿದ್ದಿತ್ತು.

ಹೆಂಡತಿಯ ಕಣ್ಣಲ್ಲಿ ನೀರಿರಲಿಲ್ಲ. "ಒಳ್ಳೇದಾಯ್ತು ಬಿಡಿ," ಎಂದಳು. "ಹಾಕಿದ್ನೋ ಇಲ್ವೋ ಅಂತ ಇಷ್ಟು ದಿನ ಸಾಯ್ತಿದ್ದೆ. ಈಗ ಗೊತ್ತಾಯ್ತಲ್ಲ."

ಅವನು ನೇರ ಗಾಡಿಯ ಬಳಿ ಹೋಗಿ, ಅದರ ಚೌಕಟ್ಟಿಗೆ ಕಾಲು ಒದೆಗೊಟ್ಟು, ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಜಗ್ಗಿದ. ಒಂದು ಎಳೆಯಾದರೂ ಬಿಟ್ಟರೆ ಅವಳಿಗೆ ತೋರಿಸಬಹುದಿತ್ತು. ಅಂಗೈ ಕೆಂಪಾಯಿತು. ಗಾಡಿಯ ಚೌಕಟ್ಟು ಕಿರುಗುಟ್ಟಿತೇ ಹೊರತು ಹೊಲಿಗೆ ಅಲುಗಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಹಾಕಿದ ಅತ್ಯಂತ ಗಟ್ಟಿ ಹೊಲಿಗೆ ಅದು.

ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸುಮ್ನೆ ಕೈ ನೋಯಿಸ್ಕೋಬೇಡಿ," ಎಂದಳು. "ಅದು ಗಟ್ಟಿಯಾಗೇ ಇದೆ."

ಒಳಗೆ ಮಗು ಎದ್ದು ಅಳತೊಡಗಿತು. ತೊಟ್ಟಿಲು ಇದ್ದದ್ದು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಅವಳು ಸೆರಗಿನೊಳಗೆ ಎರಡೂ ಕೈ ಮುಚ್ಚಿಕೊಂಡು ಹಿತ್ತಲ ಕಡೆ ತಿರುಗಿ, "ಅತ್ತೆ, ಮಗು ಅಳ್ತಿದೆ" ಎಂದಳು.