ಔಲಿಸ್‌ನ ಹಣ್ಣಿನ ಜಾಗ

ಎಂಟು ಜನ ಹಗ್ಗ ಬಿಗಿಹಿಡಿದು ಔಲಿಸ್‌ನ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುತ್ತಿದ್ದಾಗ, ಫಿನ್ಲೆಂಡಿನ ಆ ಸರೋವರದ ದಂಡೆಯ ಊರಿನ ಮುಂದೆ ಅತಿ ಗಹನವಾದ ಪ್ರಶ್ನೆಯೊಂದು ನಿಂತಿತ್ತು: ಸತ್ತವನು ಕಾಡಿನ ನೀಲಿಹಣ್ಣು ಕೀಳುತ್ತಿದ್ದ ಜಾಗ ಯಾವುದು? ಪಾದ್ರಿ ಪುನರುತ್ಥಾನದ ಮಾತಾಡುತ್ತಿದ್ದರು. ಆದರೆ ಅದು ಹಣ್ಣು ಮಾಗುವ ಆಗಸ್ಟ್ ತಿಂಗಳು, ಹಣ್ಣು ಅಷ್ಟು ದಿನ ಕಾಯುವ ಜಾತಿಯದಲ್ಲ. ಹಗ್ಗಕ್ಕೆ ಬೇರೆಯವರಿಗಾದರೆ ಆರು ಜನ ಸಾಕು; ಔಲಿಸ್ ತೂಕದ ಮನುಷ್ಯ.

ಅಲ್ಲಿ ಕಾಡು ಎಲ್ಲರದು. ಯಾರು ಎಲ್ಲಿ ಬೇಕಾದರೂ ಕೀಳಬಹುದು. ಅದಕ್ಕೇ ಒಳ್ಳೆಯ ಜಾಗದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಸಾಯುವ ಮುಂಚೆ ಹೆಂಡತಿಗೆ ಹೇಳುವುದು ಮರ್ಯಾದೆ. ಊಟಕ್ಕೆ ಕೂತಲ್ಲೇ ಹೃದಯ ನಿಂತುಹೋದ ಔಲಿಸ್‌ಗೆ ಆ ಮರ್ಯಾದೆಗೆ ಪುರುಸೊತ್ತಾಗಲಿಲ್ಲ.

ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ಕಾಫಿಗೆ ಕೂತಾಗ ಪಕ್ಕದ ಮನೆಯ ಉರ್ಪೊ ಔಲಿಸ್‌ನ ಹೆಂಡತಿ ಐಲಿಯ ಕಡೆ ಬಾಗಿದ.

"ಐಲಿ, ಈ ಹೊತ್ತಲ್ಲಿ ಕೇಳಬಾರ್ದು..."

"ಹಾಗಿದ್ರೆ ಕೇಳ್ಬೇಡ."

"ಹಣ್ಣಿನ್ ಜಾಗ ನಿಂಗಾದ್ರೂ ಹೇಳಿದ್ನಾ?"

"ಮದುವೆ ಆದಾಗಿಂದ ಕೇಳ್ದೆ. 'ಕಾಡಲ್ಲಿದೆ' ಅಂದ."

"ಅಷ್ಟಾದ್ರೂ ಹೇಳಿದ್ನಲ್ಲ," ಎಂದು ಉರ್ಪೊ ಕೇಕಿಗೆ ಕೈಹಾಕಿದ.

ಐಲಿಗೆ ಹಣ್ಣಿನ ಚಿಂತೆ ಅಷ್ಟಿರಲಿಲ್ಲ. ಬೇಸಿಗೆಯ ಬೆಳಗುಗಳನ್ನೆಲ್ಲ ಗಂಡ ಎಲ್ಲೋ ಕಳೆದು ಬರುತ್ತಿದ್ದ. ಆ ಎಲ್ಲೋ ಎಂಬುದು ಅವನ ಜೊತೆಗೇ ಮಣ್ಣಾಗಬಾರದು. ಅದು ಗೊತ್ತಿದ್ದವಳು ಒಬ್ಬಳೇ. ಅವಳು ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದಳು.

*

ಮೂರು ವರ್ಷದ ಕೆಳಗೆ ಔಲಿಸ್‌ಗೆ ಹೆಸರುಗಳು ಜಾರತೊಡಗಿದ್ದವು. ಒಂದು ದಿನ ಐಲಿಯನ್ನು ಅವಳ ನಾದಿನಿಯ ಹೆಸರಿನಿಂದ ಕರೆದ. ನಾದಿನಿಯನ್ನು ಕಂಡರೆ ಅವಳಿಗಾಗದು. ಮೈಯ ಕೊಬ್ಬು ನೆನಪಿಗೂ ತಾಕುತ್ತದೆ ಎಂದರು ಡಾಕ್ಟರು. ಅಂಥವರಿಗೆ ನೀಲಿಹಣ್ಣಿನ ಸಾರ ನಾಟುತ್ತದೋ ಎಂದು ಪಟ್ಟಣದಲ್ಲಿ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಸಾರದ ಮಾತ್ರೆ, ಅರ್ಧ ಜನಕ್ಕೆ ಬರೀ ಹಿಟ್ಟಿನದು. ಯಾರಿಗೆ ಯಾವುದು ಎಂದು ಮಾತ್ರೆ ಕೊಡುವ ನರ್ಸ್ ಮಿರ್ಕಾಳಿಗೂ ಗೊತ್ತಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ಔಲಿಸ್ ಹಣ್ಣು ತಿನ್ನುವಂತಿಲ್ಲ. ಅವನು ಕಿತ್ತು ತಂದು ಐಲಿಯ ಮುಂದಿಟ್ಟು, ಅವಳು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದ.

ನೆನಪು ಅಳೆಯಲು ಮಿರ್ಕಾ ಅವನಿಂದ ಒಂದೇ ದಾರಿಯನ್ನು ಪ್ರತಿ ಸಲವೂ ತಿರುವು ತಿರುವಾಗಿ ಹೇಳಿಸುತ್ತಿದ್ದಳು. ಆಗ ಐಲಿ ಹೊರಗೆ.

"ಒಂದು ತಿರುವೂ ತಪ್ಪಲಿಲ್ಲ!" ಎಂದು ಬೀಗುತ್ತ ಬಂದ ಒಮ್ಮೆ.

"ಯಾವ ದಾರಿ?"

"ಹಣ್ಣಿನ್ ದಾರಿ."

"ಯಾರೋ ಹುಡುಗಿಗೆ ಹೇಳ್ತೀಯ, ನಂಗಿಲ್ವಾ?"

"ಅವಳು ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದಾಳೆ. ನೀನು ಕೊಟ್ಟಿದೀಯಾ?"

*

"ನಾನು ಹೇಳೋ ಹಾಗಿಲ್ಲ," ಎಂದಳು ಮಿರ್ಕಾ, ಮೂಲೆಯ ಮೇಜಿಗೆ ಬಂದು ಕೂತ ಐಲಿಗೆ.

"ಸತ್ತ ಮೇಲೂ?"

"ಸತ್ತ ಮೇಲೂ. ಕ್ಷಮಿಸಿ."

"ಮಾತ್ರೆಲಿ ಇದ್ದಿದ್ದು ಹಣ್ಣಾ, ಹಿಟ್ಟಾ? ಅದನ್ನಾದ್ರೂ ಹೇಳಮ್ಮ."

"ನಂಗೂ ಗೊತ್ತಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ."

"ಹಿಟ್ಟೇ ಆಗಿರ್ಲಿ ಬಿಡು," ಎಂದಳು ಐಲಿ. "ಸಾಯೋ ದಿನವೂ 'ಸೂಪಿಗೆ ಉಪ್ಪು ಸಾಲ್ದು ಐಲಿ' ಅಂದ. ನನ್ ಹೆಸರು ಹಿಡಿದೇ ಬೈದ. ನಿಮ್ ಉಪಕಾರ ದೊಡ್ಡದು."

ಮಿರ್ಕಾ ಖಾಲಿ ಬಟ್ಟಲಿನಲ್ಲಿ ಚಮಚ ತಿರುಗಿಸಿದಳು. ಆಮೇಲೆ ಎದ್ದಳು.

"ಕಾಫಿ ಜಾಸ್ತಿ ಆಯ್ತು. ಕಾಡಲ್ಲಿ ಒಂಚೂರು ಅಡ್ಡಾಡಿ ಬರ್ತೀನಿ. ಹಿಂದೆ ಯಾರಾದ್ರೂ ಬಂದ್ರೆ ಬೇಡ ಅನ್ನೋಕೆ ನಾನ್ಯಾರು?"

ಉರ್ಪೊ ತಟ್ಟನೆ ಎದ್ದ.

"ನೀನು ಕೇಕ್ ಮುಗಿಸು," ಎಂದಳು ಐಲಿ.

ಮುಂದೆ ಮಿರ್ಕಾ, ತುಟಿಯಲ್ಲೇ ತಿರುವುಗಳನ್ನು ಗುನುಗುತ್ತ. ಹಿಂದೆ ಶೋಕದ ಕರಿ ಉಡುಪು, ಕರಿ ಟೋಪಿಯಲ್ಲಿ ಐಲಿ. ಸರೋವರ ಸುತ್ತಿ, ಜೌಗು ದಾಟಿ, ಸೀಳುಬಂಡೆಯ ಹತ್ತಿರ ಎಡಕ್ಕೆ ಹೊರಳಿ, ದಿಕ್ಕೇ ತಪ್ಪಿತೆನ್ನುವಾಗ ಮಿರ್ಕಾ ನಿಂತಳು. ನೆಲವೆಲ್ಲ ನೀಲಿ.

ಐಲಿ ತಲೆಯೆತ್ತಿದಳು. ಮರಗಳ ಸಂದಿಯಲ್ಲಿ ಹಳದಿ ಗೋಡೆ, ಹಗ್ಗದ ಮೇಲೆ ಅವಳೇ ಒಣಹಾಕಿದ ಬಿಳಿ ದುಪ್ಪಟಿ. ಅವಳ ಹಿತ್ತಿಲೇ! ಕೂಗಿದರೆ ಕೇಳುವಷ್ಟು ದೂರ. ಆ ಕಡೆ ಬರೀ ಕೆಸರು, ಕಾಲಿಡಬೇಡ ಎಂದು ಅವನೇ ಹೇಳುತ್ತ ಬಂದಿದ್ದ.

"ಕಳ್ಳ! ಊರ ಕಣ್ಣು ತಪ್ಪಿಸೋಕೆ ಸರೋವರ ಸುತ್ತಿಕೊಂಡು ಬರ್ತಿದ್ನಾ?"

"ನಾನೇನೂ ಹೇಳಿಲ್ಲ," ಎಂದಳು ಮಿರ್ಕಾ.

ಗಿಡಗಳ ನಡುವೆ ಪಾಚಿ ಒಂದು ಕಡೆ ಯಾರೋ ಕೂತು ಕೂತು ಅಗಲವಾಗಿ ತಗ್ಗಾಗಿತ್ತು. ಐಲಿ ಅದರಲ್ಲಿ ಕೂತು ನೋಡಿದಳು. ಎದುರಿಗೆ, ನೇರಕ್ಕೆ, ಅವಳ ಅಡುಗೆಮನೆಯ ಕಿಟಕಿ. ಒಲೆಯ ಮುಂದೆ ನಿಂತವರು ಅಲ್ಲಿಂದ ಚೆನ್ನಾಗಿ ಕಾಣುತ್ತಾರೆ.

ತಗ್ಗಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಮಿರ್ಕಾಳನ್ನು ಕರೆದು ಕೂರಿಸಿಕೊಂಡಳು.

ಡಬ್ಬಿ ತಂದಿರಲಿಲ್ಲ. ಕರಿ ಟೋಪಿಯ ತುಂಬ ಹಣ್ಣಾಯಿತು.