ಅರವತ್ತೆಂಟು ಜನ ನೋಡಿದರು

ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಹದಿನೇಳು ವರ್ಷ ಮಿಷನ್ ತುಳಿದ ಉಜ್ಜಿನಮ್ಮ ಬೇಸಿಗೆ ರಜೆಯಲ್ಲಿ ತೀರಿಕೊಂಡರು. ಮಗಳು ರಾಧಾ ಅವ್ವನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಇನ್ನೇನು ಮಾಡಬೇಕಿತ್ತು ಹೇಳಿ? ಅನಂತಪುರದಲ್ಲಿ ಎಂ.ಕಾಂ. ಓದುವ ಹುಡುಗಿ, ಅವಳ ತರಗತಿಯಲ್ಲಿ ಹುಟ್ಟುಹಬ್ಬ, ಜ್ವರ, ಮುನಿಸು ಎಲ್ಲ ಗೊತ್ತಾಗುವುದೂ ಸ್ಟೇಟಸ್‌ನಲ್ಲೇ. ಒಬ್ಬೊಬ್ಬರಿಗೂ ಫೋನ್ ಮಾಡಿ ಅಳುವ ಶಕ್ತಿ ಅವಳಿಗಿರಲಿಲ್ಲ.

ಪಕ್ಕದ ಮನೆಯ ಗುರುಶಾಂತಮ್ಮ ಮಾತ್ರ ಕೇಳಿದರು: "ಆ ಅಮರಾಪುರದ ಹುಡುಗಿಗೆ ಸುದ್ದಿ ಮುಟ್ಸಿಯೇನವ್ವ?"

"ಹಾಕೀನ್ರಿ, ನೋಡ್ತಾಳ."

ಆ ಹುಡುಗಿ ಲಲಿತಾ, ಹಾಸ್ಟೆಲಿನಲ್ಲಿ ರಾಧಾಳ ರೂಮಿನವಳು. ತೆಲುಗು ತುಂಬಿದ ಆ ರೂಮುಗಳ ಸಾಲಿನಲ್ಲಿ ಇವರಿಬ್ಬರದೇ ಮನೆಮಾತು ಕನ್ನಡ. ರಾಯದುರ್ಗಕ್ಕೆ ಬಂದಾಗಲೆಲ್ಲ ಉಜ್ಜಿನಮ್ಮನ ಕೈಯ ಒಗ್ಗರಣೆ ಮಂಡಕ್ಕಿ ಎರಡು ತಟ್ಟೆ ತಿಂದು, ನಿಮ್ಮ ಮಗಳನ್ನು ಕಳಿಸಿ ನನ್ನನ್ನು ಇಟ್ಟುಕೊಳ್ಳಿ ಎಂದು ಗೋಳು ಹೊಯ್ದುಕೊಂಡವಳು. ರಾಧಾಳಿಗೆ ಅಪ್ಪನಿಲ್ಲ, ಒಡಹುಟ್ಟಿದವರಿಲ್ಲ. ಅವ್ವನ ನಂತರ ಉಳಿದವಳೆಂದರೆ ಇವಳೇ.

ಸಂಜೆಯೊಳಗೆ ಅರವತ್ತೆಂಟು ಜನ ನೋಡಿದರು. ಐವತ್ತು ಜನ ಮುಗಿದ ಕೈಗಳ ಚಿತ್ರ ಕಳಿಸಿದರು. ಎಲ್ಲರಿಗೂ ರಾಧಾ 'ಥ್ಯಾಂಕ್ಸ್' ಎಂದಳು. ನೋಡಿದವರ ಪಟ್ಟಿಯಲ್ಲಿ ಲಲಿತಾ ಇರಲಿಲ್ಲ. ಮನೆಗೂ ಬರಲಿಲ್ಲ.

ಮೂರನೆಯ ದಿನ ನೆನಪಾಯಿತು. ಯುಗಾದಿಯ ಹೊತ್ತಿಗೆ ಲಲಿತಾ ತರಗತಿಯ ಗುಂಪಿನಲ್ಲಿ ಉಜ್ಜಿನಮ್ಮನ ಫೋಟೊ ಹಾಕಿ, 'ಪ್ಯಾಂಟ್ ಕಂಪನಿ ಓನರಮ್ಮ' ಎಂದು ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕರು. ಸಿಟ್ಟಿಗೆ ರಾಧಾ, ತನ್ನ ಸ್ಟೇಟಸ್ ಲಲಿತಾಳಿಗೆ ಕಾಣದಂತೆ ಮಾಡಿದಳು. ಎರಡೇ ದಿನದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಮುಚ್ಚಿದ್ದನ್ನು ತೆಗೆಯಲು ಮರೆತಿತ್ತು.

ಫೋನ್ ಮಾಡಿದಳು. ಎಷ್ಟು ಸಲ ಮಾಡಿದರೂ ಲಲಿತಾ ಎತ್ತಲಿಲ್ಲ. ಹನ್ನೊಂದನೆಯ ದಿನ ಕಳೆಯದೆ ಸೂತಕದವಳು ಇನ್ನೊಬ್ಬರ ಹೊಸಿಲು ತುಳಿಯುವಂತಿಲ್ಲ. ಹನ್ನೆರಡನೆಯ ದಿನ ಕಲ್ಯಾಣದುರ್ಗದಲ್ಲೊಮ್ಮೆ, ಮಡಕಶಿರದಲ್ಲೊಮ್ಮೆ ಬಸ್ಸು ಬದಲಿಸಿ ಅಮರಾಪುರ ಮುಟ್ಟಿದಳು.

ಲಲಿತಾಳ ತಾಯಿ ಮೈಲಾರಮ್ಮ ಕುರಿಗೆ ಸೊಪ್ಪು ಹಾಕುತ್ತಿದ್ದವರು ಓಡಿ ಬಂದು ರಾಧಾಳ ಕೆನ್ನೆ ಹಿಡಿದು ಅತ್ತರು. ಲಲಿತಾ ಬಾಗಿಲು ಬಿಟ್ಟು ಕದಲಲಿಲ್ಲ.

"ಮರ್ತಿದ್ದೆ ಲಲಿತಾ, ಬೇಕಂತ ಅಲ್ಲ," ಎಂದಳು ರಾಧಾ.

"ಬೇರೆಯೋರು ನಿನ್ ಸ್ಟೇಟಸ್ನ ಗುಂಪ್ನಾಗೆ ಹಾಕಿದ್ದು ನೋಡಿ ಗೊತ್ತಾತು. ಬ್ಯಾಗ್ ತಗಂಡು ಬಸ್‌ಸ್ಟ್ಯಾಂಡ್‌ಗೆ ಹೋಗಿದ್ದೆ. ಅಲ್ಲಿ ನಿನ್ ಸ್ಟೇಟಸ್ ಹುಡುಕಿದ್ರೆ ಕ್ಲಾಸೋರ್ಗೆಲ್ಲ ಕಾಣ್ತೈತೆ, ನಂಗೊಬ್ಳಿಗಿಲ್ಲ. ವಾಪಸ್ ಬಂದೆ."

ಈ ಸೀಮೆಯಲ್ಲಿ ಸಾವಿನ ಸುದ್ದಿ ಮುಟ್ಟಿಸದಿದ್ದರೆ ಸಂಬಂಧ ಕಡಿದುಕೊಂಡಂತೆ. ಅದಕ್ಕೆ ಬೇರೆ ಅರ್ಥವಿಲ್ಲ.

ತಪ್ಪಾಯ್ತು ಅಂತಾಳಲ್ಲ, ಬಿಡಮ್ಮಿ ಎಂದು ಮೈಲಾರಮ್ಮ ಬೇಡಿಕೊಂಡರು. ಲಲಿತಾ ಒಳಗೆ ಹೋದಳು. ತಟ್ಟೆಗೆ ಬಿದ್ದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ರಾಧಾ ಎದ್ದಳು.

ಮಡಕಶಿರದ ಬಸ್ಸಿನಲ್ಲಿ ಕೂತಾಗ ಫೋನ್ ಕುಯ್ ಎಂದಿತು. ಲಲಿತಾಳ ಹೆಸರು. ರಾಧಾ ತೆರೆದಳು.

ಮುಗಿದ ಕೈಗಳು. ಕೆಳಗೆ ಒಂದಕ್ಷರವಿಲ್ಲ.

ಬಸ್ಸು ಹೊರಟಿತು. ರಾಧಾ 'ಥ್ಯಾಂಕ್ಸ್' ಎಂದು ಒತ್ತಿ ಕಳಿಸಿದಳು.