ಏರದೆ ನಿಂತ ಅಂಕಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಯ ಒಂದು ಬದಿ ಬೋಳಿಸಿ ಬಜಾರಿನಲ್ಲಿ ಮೆರವಣಿಗೆ ಮಾಡಿ. ಇನ್ನೊಂದು ಬದಿ ಇರಲಿ, ಮುಂದೆಯೂ ಕತೆ ಹೇಳಬೇಕಲ್ಲ.

ಗಾಳಿ ಮೇಷ್ಟ್ರು ಅಂತ ಒಬ್ಬರಿದ್ದರು. ಮೇಷ್ಟ್ರೇನಲ್ಲ, ಗಾಳಿಯ ಕೊಳೆ ಅಳೆಯುವ ಸರ್ಕಾರಿ ಕಚೇರಿಯ ದೊಡ್ಡ ತಜ್ಞರು. ಯಾವ ಇಟ್ಟಿಗೆ ಗೂಡಿಗೆ ಬೀಗ ಜಡಿಯಬೇಕು, ಯಾವ ರಸ್ತೆಗೆ ಲಾರಿ ಬಿಡಬಾರದು, ಎಲ್ಲ ಬಾಯಿಪಾಠ. ಹಿತ್ತಲ ಗಿಡ ಮದ್ದಲ್ಲ ನೋಡಿ, ಸ್ವಂತ ಊರಿನಲ್ಲಿ ಅವರ ಮಾತಿಗೆ ಕಿವಿಗೊಡುವವರಿರಲಿಲ್ಲ. ಅವರ ಕಚೇರಿಯ ಕಿಟಕಿಯ ಕೆಳಗೇ ಕಸಕ್ಕೆ ಬೆಂಕಿ ಹಚ್ಚುತ್ತಿದ್ದರು. ಪರದೇಶದವರು ಮಾತ್ರ ವಿಮಾನದ ಟಿಕೆಟ್ ಕಳಿಸಿ ಕರೆಸಿಕೊಂಡು ಪಾಠ ಹೇಳಿಸಿಕೊಳ್ಳುತ್ತಿದ್ದರು.

ಹೋದಲ್ಲೆಲ್ಲ ಮೇಷ್ಟ್ರದ್ದೊಂದು ಆಟ. ಮೇಜಿನ ಮೇಲೆ ಅಂಗೈಯಗಲದ ಮೀಟರ್ ಇಡುವುದು. ಕೋಣೆಯ ಗಾಳಿಯಲ್ಲಿ ಜನ ಬಿಟ್ಟ ಉಸಿರು ಎಷ್ಟು ಸೇರಿದೆ ಅಂತ ಅದು ತೋರಿಸುತ್ತದೆ, ಆ ಅಂಕಿ ಹಿಂದಿನ ದೊಡ್ಡ ಪರದೆಯ ಮೇಲೂ ಮೂಡುತ್ತದೆ. ಬಾಗಿಲು ಹಾಕಿಕೊಂಡು ಜನ ಕೂತರೆ ಅಂಕಿ ಏರಲೇಬೇಕು. ಭಾಷಣ ಮುಗಿಯುವಾಗ ದುಪ್ಪಟ್ಟಾಗಿರುತ್ತಿತ್ತು. ಇದು ನಿಮ್ಮದೇ ಕಾಣಿಕೆ ಎಂದು ಮೇಷ್ಟ್ರು ಹೇಳಿದರೆ ಸಭೆ ನಗುತ್ತಿತ್ತು.

ಅಕ್ಕನ ಊರಿನಲ್ಲಿ ಮೊದಲಿಗೆ ಅಂಕಿ ಏರಲೇ ಇಲ್ಲ.

ಅದು ಅವರ ಅಕ್ಕನನ್ನು ಕೊಟ್ಟ ಊರು. ಅವಳಿಗೆ ಹುಟ್ಟಿನಿಂದಲೇ ಉಬ್ಬಸ, ಒಳ್ಳೆ ಗಾಳಿ ಕುಡಿದುಕೊಂಡಿರಲಿ ಅಂತಲೇ ಅಷ್ಟು ದೂರ ಕೊಟ್ಟಿದ್ದರು. ಹಿಂದಿನ ವರ್ಷ ಮೇಷ್ಟ್ರು ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಆ ಊರಿನ ಅಧಿಕಾರಿಗಳಿಗೆ ಪಾಠ ಮಾಡಿದ್ದರು. ಗಾಳಿ ಕೆಡಿಸುವವರು ಯಾರ್‍ಯಾರು ಅಂತ ಹೋಳು ಹೋಳಾಗಿ ಕೊಯ್ದ ದುಂಡನೆಯ ಚಿತ್ರ. ಲಾರಿಗಿಷ್ಟು, ಗೂಡಿಗಿಷ್ಟು, ಒಲೆಗಿಷ್ಟು. ಎಲ್ಲ ಕೂಡಿದರೂ ನೂರಾಗದೆ ಒಂದು ಸಣ್ಣ ಹೋಳು ಖಾಲಿ ಉಳಿಯಿತು. ನೋಡಲು ಚೆನ್ನಾಗಿರುವುದಿಲ್ಲ ಅಂತ ಅದರಲ್ಲಿ ತಮಾಷೆಗೆ 'ಜನರ ಉಸಿರು' ಎಂದು ಬರೆದಿದ್ದರು. ಪಾಠ ಆ ಹೋಳಿಗೆ ಬಂದಾಗ ಬೇರೆ ಊರಿನವರು ನಗುತ್ತಿದ್ದರು. ಈ ಊರಿನವರು ಬರೆದುಕೊಂಡರು.

ಈ ಸಲ ಖುದ್ದಾಗಿ ಕರೆಸಿಕೊಂಡರು. ವಿಮಾನ ನಿಲ್ದಾಣಕ್ಕೆ ಬಂದಿದ್ದ ಭಾವನ ಮೂಗು, ಬಾಯಿ ಸೇರಿಸಿ ಕಾಗದದ ಪಟ್ಟಿ ಅಂಟಿಸಿತ್ತು, ಮೇಲೆ ಕಚೇರಿಯ ಮೊಹರು. ಥೇಟ್ ಗೂಡಿನ ಬೀಗಕ್ಕೆ ಹಾಕುವ ಮೊಹರೇ. ಅದರ ನಮೂನೆ ಕಲಿಸಿಕೊಟ್ಟವರೂ ಮೇಷ್ಟ್ರೇ. ಒಂದು ಕಾಲಕ್ಕೆ ಮಾತಿಗೆ ಕೂತರೆ ಎದುರಿನವರಿಗೆ ಆಕಳಿಸಲೂ ಬಿಡದ ಭಾವ ಈಗ ಸುಮ್ಮನೆ ಕೈ ಕುಲುಕಿದರು. ಕೈ ತಣ್ಣಗೆ ಕೊರೆಯುತ್ತಿತ್ತು. ಎದೆ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಕಾರನ್ನು ಮಾತ್ರ ಚೆನ್ನಾಗಿ ಓಡಿಸಿದರು. ಬೀದಿ ತುಂಬ ಜನ, ಕೇಳುವುದು ಬರೀ ಚಪ್ಪಲಿ ಸದ್ದು. ಒಂದು ಸೀನಿಲ್ಲ, ಒಂದು ನಿಟ್ಟುಸಿರಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಮನೆಗೆ ಬಂದದ್ದೇ ಅಕ್ಕ ತಮ್ಮನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ಮರೆಯಲ್ಲಿ ಗೊರಗೊರ ಅಂತ ಉಸಿರೆಳೆದುಕೊಂಡಳು.

"ಎಲ್ಲರೂ ಉಸಿರಾಡೋದನ್ನೇ ಬಿಟ್ಟುಬಿಟ್ರು ಕಣೋ. ನಂಗಾಗ್ಲಿಲ್ಲ. ನಿಮ್ ಭಾವ ಗೊರಕೆ ಹೊಡೆದು ಸಿಕ್ಕಿಬಿದ್ರು."

"ಈಗ ಹೇಗಿದ್ದಾರೆ?"

"ಹೇಗಿದ್ದಾರೋ. ಊಟಕ್ಕೆ ಬರಲ್ಲ. ಕಿಟಕಿ ಹತ್ರ ನಿಂತ್ರೆ ನಿಂತೇ ಇರ್ತಾರೆ. ಮೊಹರು ಬಿದ್ಮೇಲೆ ಅವರು ಅವರಲ್ಲ." ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. "ಭಾಷಣ ಮುಗಿದ ತಕ್ಷಣ ನನ್ನ ಕರ್ಕೊಂಡು ಹೋಗಿಬಿಡು. ಅಲ್ಲೀವರೆಗೂ ತಡ್ಕೋತೀನಿ."

ಭಾಷಣಕಾರರ ಅಕ್ಕ ಅಂತ ಅವಳನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷೆಗೆ ಮಾತಿಗೆ ಬೇಕಾದಷ್ಟೇ ಗಾಳಿಗೆ ಪರವಾನಗಿ ಇದ್ದದ್ದರಿಂದ ಸ್ವಾಗತ ಚುಟುಕಾಗಿ ಮುಗಿಯಿತು. ಅಷ್ಟರಮಟ್ಟಿಗೆ ಆ ನೀತಿ ಒಳ್ಳೆಯದೇ.

ಅಭ್ಯಾಸಬಲ ಅಂದರೆ ಅದು. ಮೇಷ್ಟ್ರು ಯೋಚನೆಯಿಲ್ಲದೆ ಮೀಟರ್ ತೆಗೆದು ಮೇಜಿನ ಮೇಲಿಟ್ಟರು. ಅಂಕಿ ಪರದೆಗೆ ಬಂದ ಮೇಲೆಯೇ ಅಕ್ಕನ ಉಸಿರು ಅವರಿಗೆ ನೆನಪಾಯಿತು. ಅಷ್ಟು ಜನ ಕೂತಿದ್ದರೂ ಅಂಕಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ಆಮೇಲೆ ಮೆಲ್ಲಗೆ ಮೇಲೆದ್ದಿತು. ಒಂದು ಬಾಯಿ ಎಷ್ಟು ಏರಿಸುತ್ತದೆ ಅಂತ ಮೇಷ್ಟ್ರಿಗೆ ಗೊತ್ತು. ಇದು ಎರಡು ಬಾಯಿಯ ಲೆಕ್ಕ. ಅಕ್ಕ ಕರವಸ್ತ್ರ ಕಚ್ಚಿಕೊಂಡು ಕೂತಿದ್ದಳು.

"ಅಂಕಿ ಏರ್ತಿದೆ," ಎಂದರು ಅಧ್ಯಕ್ಷೆ. ಬಾಗಿಲ ಬಳಿ ಇಬ್ಬರು ನೌಕರರು ಕಾಗದದ ಪಟ್ಟಿ ಹಿಡಿದು ಎದ್ದುನಿಂತರು.

"ಅದು ನಂದೇ ಮೇಡಂ. ದಪ್ಪ ಜೀವ, ಮಾತೂ ಜಾಸ್ತಿ."

"ಹಾಗಾದ್ರೆ ಸ್ವಲ್ಪ ಉಸಿರು ಹಿಡೀರಿ. ಅನುಮಾನ ಬಂದ್ರೆ ಒಂದೊಂದೇ ಮೂಲ ನಿಲ್ಲಿಸಿ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

ಮೇಷ್ಟ್ರು ಹಿಡಿದರು. ಅವರನ್ನು ನೋಡಿ ಅಕ್ಕನೂ ಹಿಡಿದಳು. ಅವಳ ಕತ್ತಿನ ನರ ಹಗ್ಗದಂತೆ ಉಬ್ಬಿತು. ಅಂಕಿ ಏರುತ್ತಲೇ ಇತ್ತು. ಮೀಟರ್ ಯಾವತ್ತೂ ಸ್ವಲ್ಪ ಹಿಂದೆ, ಹೋದ ಉಸಿರನ್ನು ಈಗ ತೋರಿಸುತ್ತಿದೆ ಅಂತ ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಆ ಹೊತ್ತೂ ಮೀರಿತು. ಅಂಕಿ ನಿಲ್ಲುವ ಬದಲು ಓಡತೊಡಗಿತು. ಇದು ಎರಡು ಬಾಯಿಯದ್ದಲ್ಲ, ಹತ್ತರದ್ದೂ ಅಲ್ಲ.

ಅವರು ಸಭೆಯತ್ತ ನೋಡಿದರು. ಒಂದು ಮುಖವೂ ಅಲುಗುತ್ತಿರಲಿಲ್ಲ. ಆದರೆ ಮೂರನೇ ಸಾಲಿನವನ ಟೈ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಮುದುಕಿಯೊಬ್ಬಳ ಮೂಗಿನ ಹೊಳ್ಳೆ ಅರಳುತ್ತಿತ್ತು. ಬಾಗಿಲ ಬಳಿಯ ನೌಕರ ಮುಖದೆದುರು ಹಿಡಿದಿದ್ದ ಕಾಗದದ ಪಟ್ಟಿ ಅವನ ಮೂಗಿನ ಗಾಳಿಗೇ ಪಟಪಟ ಅಲುಗುತ್ತಿತ್ತು. ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. ಪಕ್ಕದವರತ್ತ ತಿರುಗಿದವರು ಒಬ್ಬರೂ ಇಲ್ಲ.

ಅಧ್ಯಕ್ಷೆ ಬಹಳ ಹೊತ್ತು ಆ ಪಟ್ಟಿಯನ್ನು ನೋಡಿದರು.

"ಯಂತ್ರ ಕೆಟ್ಟಿದೆ," ಎಂದರು. ಆಮೇಲೆ ಪರವಾನಗಿಗಿಂತ ಎಷ್ಟೋ ಉದ್ದದ ವಂದನಾರ್ಪಣೆ ಮಾಡಿದರು.

ಮೇಷ್ಟ್ರು ಅಕ್ಕನ ರಟ್ಟೆ ಹಿಡಿದು ನೇರ ವಿಮಾನ ನಿಲ್ದಾಣಕ್ಕೆ ಹೊರಟರು. ಬಿಡಲು ಬಂದವರು ಭಾವನೇ. ನಿಲ್ದಾಣದ ಬಾಗಿಲಲ್ಲಿ ಅಕ್ಕ, ನೀವೂ ಬನ್ನಿ ಅಂತ ಗಂಡನ ಮುಖದ ಪಟ್ಟಿಯ ತುದಿ ಹಿಡಿದು ಕಿತ್ತಳು. ಕೆಳಗೆ ಬಾಯಿ ಇರಲಿಲ್ಲ, ಮೂಗೂ ಇರಲಿಲ್ಲ. ನುಣ್ಣನೆಯ ಚರ್ಮ. ಅವಳು ಪಟ್ಟಿಯನ್ನು ಮತ್ತೆ ಇದ್ದಲ್ಲೇ ಇಟ್ಟು, ಸುಕ್ಕಿಲ್ಲದಂತೆ ಬೆರಳಿನಿಂದ ಒತ್ತಿ ಅಂಟಿಸಿದಳು.

ಈಗ ತಮ್ಮನ ಮನೆಯಲ್ಲೇ ಇದ್ದಾಳೆ. ಕಸದ ಹೊಗೆಗೆ ಕೆಮ್ಮುತ್ತಾಳೆ, ಊರನ್ನೆಲ್ಲ ಬೈಯುತ್ತಾಳೆ, ಉಸಿರೆಳೆದುಕೊಂಡು ಮತ್ತೆ ಬೈಯುತ್ತಾಳೆ. ಮೊನ್ನೆಯಿಂದ ಮಾತ್ರ ಸ್ವಲ್ಪ ಮಂಕಾಗಿದ್ದಾಳೆ. ಆ ಊರಿನವರೂ ಈಗ ಪರದೇಶಗಳಿಗೆ ತಜ್ಞರನ್ನು ಕಳಿಸುತ್ತಿದ್ದಾರಂತೆ. ಮೊದಲು ಸದ್ದಿಲ್ಲದೆ ಬಂದು ಜನರ ನಡುವೆ ಕೂರುತ್ತಾರಂತೆ. ಇಂಥ ಚಳಿಯಲ್ಲೂ ಅವರ ಮುಖದಿಂದ ಹಬೆ ಬರುವುದಿಲ್ಲವಂತೆ, ಈಗ ಆ ಮೂಲೆಯಲ್ಲಿ ಶಾಲು ಹೊದ್ದು ಕೂತಿರುವ ಯಜಮಾನರ ಹಾಗೆ... ಯಾಕೆ ಸ್ವಾಮಿ, ಎದ್ದುಬಿಟ್ಟಿರಿ? ನಿಮ್ಮನ್ನೇ ಅಂತ ನಾನೇನೂ